ಗಾಡಿ ಉಣ್ಣುವ ಹೊತ್ತು

ನಮ್ಮ ಮನೆಯವರು ಬಸಂತರಾಯರು ಬಹಳ ಒಳ್ಳೆಯವರು. ಆ ಒಳ್ಳೆಯತನದಿಂದಲೇ ಒಂದು ಬ್ಯಾಟರಿಯನ್ನು ಹಾಳು ಮಾಡುತ್ತಿದ್ದರು.

ಇಂಡಿ ಊರಿನ ಹೊರಗಿನ ಕೋಲ್ಡ್ ಸ್ಟೋರೇಜಿನಲ್ಲಿ ನಾನು ಒಣದ್ರಾಕ್ಷಿ ಆರಿಸುತ್ತೇನೆ, ಅವರು ಫೋರ್ಕ್‌ಲಿಫ್ಟ್ ಓಡಿಸುತ್ತಾರೆ. ಚಡಚಣದ ಕಡೆಯಿಂದ ಬಂದ ಪೆಟ್ಟಿಗೆಗಳನ್ನು ಎತ್ತಿ ಮೇಲಿನ ಸಾಲಿಗೆ ಏರಿಸುವ ಬ್ಯಾಟರಿ ಗಾಡಿ ಅದು. ಮೊದಲು ಆ ಪೆಟ್ಟಿಗೆಗಳನ್ನು ಬೆನ್ನ ಮೇಲೆ ಹೊತ್ತು ಸೊಂಟ ಕೆಡಿಸಿಕೊಂಡವರು ಇವರೇ. ಗಾಡಿಯ ಸೀಟು ಸಿಕ್ಕ ಮೇಲೆಯೇ ನೆಟ್ಟಗೆ ನಿದ್ದೆ ಮಾಡಿದ್ದು.

ಈಗ ಗಾಡಿ ಮಧ್ಯಾಹ್ನಕ್ಕೇ ಸುಸ್ತಾಗಿ ನಿಲ್ಲತೊಡಗಿತು. ಮಾಲೀಕರಾದ ಶ್ರೀವಲ್ಲಭರು ಕಡ್ಡಿ ಮುರಿದಂತೆ ಹೇಳಿಬಿಟ್ಟರು: "ಹೊಸ ಬ್ಯಾಟರಿ ಆಗಂಗಿಲ್ಲ. ಈ ಸುಗ್ಗಿ ದಾಟಿಸಿದ್ರ ಇಟ್ಕೋತೇನಿ. ಇಲ್ಲಂದ್ರ ಗಾಡಿ ಮಾರಿ ಹಮಾಲಿ ಮಂದೀನ ಹಚ್ತೇನಿ."

ಹಮಾಲಿ ಎಂದರೆ ಮತ್ತೆ ಇವರದೇ ಬೆನ್ನು.

ರಿಪೇರಿಗೆ ಬಂದ ಅಫ್ರೋಜ ಬ್ಯಾಟರಿಯ ಮುಚ್ಚಳ ತೆಗೆದು ನೋಡಿದ. "ಇನ್ನೂ ಜೀವ ಐತ್ರಿ ಕಾಕಾ. ದಿನಕ್ಕ ಎಷ್ಟು ಸಲ ಚಾರ್ಜ್ ಹಚ್ತೀರಿ?"

"ನಾ ಚಾ ಕುಡಿಯೋವಾಗೆಲ್ಲ," ಎಂದರು ಇವರು, ಹೆಮ್ಮೆಯಿಂದ.

ಎಡವಟ್ಟು ಇದ್ದದ್ದೇ ಅಲ್ಲಿ. ಇವರ ಮನೆಯಲ್ಲಿ ಎತ್ತಿನ ಮುಂದೆ ಮೇವು ಹಾಕದೆ ಯಾರೂ ಬಾಯಿಗೆ ಏನೂ ಹಾಕಿಕೊಂಡವರಲ್ಲ. ಎತ್ತು ಹೋಗಿ ಗಾಡಿ ಬಂದರೂ ಪದ್ಧತಿ ಹೋಗಿರಲಿಲ್ಲ.

"ಹಂಗ ತುಸು ತುಸು ತಿನ್ನಿಸಿದ್ರ ಇದರ ಆಯುಷ್ಯ ಕಡಿಮಿ ಆಗ್ತೈತ್ರಿ," ಎಂದ ಅಫ್ರೋಜ. "ಹಗಲೆಲ್ಲ ದುಡೀಲಿ, ಸಂಜಿಗೆ ಒಮ್ಮೆ ಹೊಟ್ಟಿ ತುಂಬ ಕೊಡ್ರಿ. ನಡುವ ಮುಟ್ಟಬ್ಯಾಡ್ರಿ." ಅವನೇ ಒಂದು ಇಡೀ ದಿನ ನಿಧಾನವಾಗಿ ಚಾರ್ಜ್ ಮಾಡಿ ಅದರ ಕಸುವನ್ನು ಅಷ್ಟಿಷ್ಟು ಮರಳಿಸಿದ.

ಇವರ ಕೈ ಸುಮ್ಮನಿರದೆಂದು ನನಗೆ ಗೊತ್ತಿಲ್ಲವೇ? ಚಾರ್ಜರ್ ಕೋಣೆಯ ಬೀಗದ ಕೈಯನ್ನು ನನ್ನ ಸೆರಗಿಗೆ ಗಂಟು ಹಾಕಿಕೊಂಡೆ. ಸಂಜೆ ಮಾತ್ರ ಬಿಚ್ಚುತ್ತಿದ್ದೆ. ಇವರು ಕೆಲವು ದಿನ ಮಾತು ಬಿಟ್ಟರು. ಬಿಡಲಿ! ಸಂಜೆಯಾದರೆ ತಲೆನೋವು ಎನ್ನುತ್ತಿದ್ದರು. ಸಿಟ್ಟಿನ ತಲೆನೋವು ಎಂದುಕೊಂಡು ನಾನು ಸುಮ್ಮನಿದ್ದೆ.

ಗಾಡಿ ಮಾತ್ರ ದಿನದಿನಕ್ಕೆ ಸುಧಾರಿಸಿತು. ಸುಗ್ಗಿಯ ಕೊನೆಯ ಲಾರಿ ಬಂದ ದಿನ ಕಡೆಯ ಪೆಟ್ಟಿಗೆಯನ್ನೂ ಏರಿಸಿ, ಚಾರ್ಜರ್ ಕೋಣೆಯ ತನಕ ತಾನೇ ಬಂದು ನಿಂತಿತು.

"ಬಸಂತರಾಯ, ಗಾಡಿ ಇರ್ಲಿ ಬಿಡು," ಎಂದರು ಶ್ರೀವಲ್ಲಭರು.

ಖುಷಿಗೆ ಇವರಿಗೆಂದು ನಾನೇ ಚಹಾ ತರಲು ಓಡಿದೆ. ಚಹಾ ಮಾಡುವ ಖಾತುನಬಿ ಕಣ್ಣರಳಿಸಿದಳು. "ಅಣ್ಣಾರಿಗೇನು? ಗಾಡಿ ರಿಪೇರಿ ಆದಾಗಿಂದ ಅವರು ಇಲ್ಲಿ ಚಾ ಮುಟ್ಟಿಲ್ಲ, ಸುನಂದಕ್ಕಾ!"

ಚಹಾ ಹಿಡಿದುಕೊಂಡೇ ಬಂದು ಕೇಳಿದೆ. "ಯಾಕ್ರೀ, ಏನಿದು?"

ಇವರು ತಲೆ ತಗ್ಗಿಸಿದರು. "ರೊಟ್ಟಿ ನಿನ್ನ ಅಂಜಿಕಿಗೆ ತಿಂದೆ. ಗಾಡಿ ಉಪಾಸ ದುಡಿಯೋವಾಗ ಚಾ ಹ್ಯಾಂಗ ಕುಡೀಲಿ?"

ಬೈಯಬೇಕೆಂದು ಬಾಯಿ ತೆರೆದರೆ ಅಳು ಬಂತು. ಈ ಮನುಷ್ಯನ ಮೇಲೆ ಅಷ್ಟು ಪ್ರೀತಿ ಉಕ್ಕಿತು. ಸೆರಗಿನ ಗಂಟು ಬಿಚ್ಚಿ ಬೀಗದ ಕೈಯನ್ನು ಅವರ ಕೈಗೇ ಕೊಟ್ಟೆ.

ಇವರು ಬಾಗಿಲು ತೆಗೆದು ಗಾಡಿಗೆ ವಯರು ಹಚ್ಚಿದರು. ಚಾರ್ಜರ್ ಗುಂಯ್ ಎನ್ನುವವರೆಗೆ ಕಾದು, ನನ್ನತ್ತ ಕೈ ಚಾಚಿದರು.

"ಈಗ ಕೊಡು ಚಾ."