ಡಬ್ಬಿಯಲ್ಲಿ ಬಂದ ಬಿಳಿ ಕಾಗದ

ಡಬ್ಬಿ ಖಾಲಿಯಾಗಿ ವಾಪಸ್ ಬಂದಿದ್ದರೆ ಹೂವಮ್ಮನಿಗೆ ಇಷ್ಟು ತಲೆ ಕೆಡುತ್ತಿರಲಿಲ್ಲ. ಸಿಟ್ಟು ಬರುತ್ತಿತ್ತು, ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದಳು. ಆದರೆ ಒಳಗೆ ಒಂದು ಬೆಂಕಿಪೆಟ್ಟಿಗೆ ಇತ್ತು, ಜೊತೆಗೆ ಮಡಿಸಿದ ಒಂದು ಬಿಳಿ ಕಾಗದ. ಬಿಡಿಸಿದಳು, ಒಂದಕ್ಷರವೂ ಇಲ್ಲ. ತಿರುಗಿಸಿದಳು, ಅಲ್ಲೂ ಇಲ್ಲ.

"ಏ ಹೇಮಂತಾ, ಆ ಅಜ್ಜಿ ಎಂತ ಹೇಳ್ತೋ?"

"ಎಂತದೂ ಹೇಳ್ಲಿಲ್ಲಮ್ಮ. ಎರಡೂ ಕೈಯಲ್ಲಿ ಡಬ್ಬಿ ಕೊಟ್ಟು ಸೊಂಟ ಬಗ್ಗಿಸ್ತು. ನಾನೂ ಬಗ್ಗಿಸ್ದೆ. ಅದು ಮತ್ತೆ ಬಗ್ಗಿಸ್ತು. ಸಾಕಾಗಿ ಓಡಿ ಬಂದೆ," ಎಂದ ಮಗ. ಶಿಕಾರಿಪುರದ ಗೊಬ್ಬರದಂಗಡಿಯಲ್ಲಿ ಅವನಿಗೆ ಕೆಲಸ; ಹೋಗುವಾಗ ಡಬ್ಬಿ ಒಯ್ದು ಅಜ್ಜಿ ಉಳಿದಿದ್ದ ಲಾಡ್ಜಿಗೆ ಮುಟ್ಟಿಸಿದ್ದವನೂ ಅವನೇ.

ಅಜ್ಜಿ ಎಂದರೆ ಫುಮಿಕೊ. ಜಪಾನಿನಲ್ಲಿ ಮೂರು ಹೋಟೆಲು ನಡೆಸುವವಳು. ಕುಬಟೂರಿನ ಹನ್ನೆರಡು ಹೆಂಗಸರ ಸಂಘ ಮಾಡುವ ಅಡಿಕೆ ಹಾಳೆಯ ತಟ್ಟೆ ನೋಡಲು ಸೋಮವಾರ ಬಂದಿದ್ದಳು. ಒಂದೊಂದು ತಟ್ಟೆಯನ್ನೂ ಮೂಸಿದಳು, ಅಂಚು ಸವರಿದಳು, ತಲೆಯಾಡಿಸಿದಳು. ಬೇಕು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. "ಯೋಚ್ನೆ ಮಾಡಿ ಹೇಳ್ತಾರಂತೆ ರೀ," ಎಂದಷ್ಟೇ ಹೇಳಿದ್ದು ಅವಳ ಜೊತೆ ಬಂದ ದುಭಾಷಿ ಮೇಘನಾ. ಯೋಚನೆಗೆ ಹೊಟ್ಟೆ ತುಂಬಿರಲಿ ಎಂದು ಹೂವಮ್ಮ ಮಾರನೇ ದಿನ ಕಡುಬು ಮಾಡಿ ಕಳಿಸಿದ್ದಳು.

ಈ ಅಜ್ಜಿ ಬೇಡ ಅಂದರೆ ಸಂಘದ ಕಥೆ ಮುಗಿಯಿತು. ಮದುವೆ ಕಾಲ ಬಿಟ್ಟರೆ ತಟ್ಟೆ ಕೇಳುವವರಿಲ್ಲ. ಎಲ್ಲರೂ ಮತ್ತೆ ಶುಂಠಿ ತೊಳೆಯುವ ಕಣಕ್ಕೆ ಕೂಲಿಗೆ ಹೋಗಬೇಕು, ಸಂಜೆ ಉರಿಯುವ ಕೈ ಊದಿಕೊಂಡು ಕೂರಬೇಕು. "ಇದೊಂದು ಸಲ ನನ್ನ ಮಾತು ಕೇಳ್ರೇ" ಎಂದು ಅಂಗಲಾಚಿ ಅವರನ್ನು ತಡೆದವಳು ಹೂವಮ್ಮನೇ. ಅದಕ್ಕೇ ಅವಳು ಆ ಕಾಗದವನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದಳು.

ಸಂಘದವರೆಲ್ಲ ಬಂದು ಡಬ್ಬಿಯ ಸುತ್ತ ಕೂತರು.

"ಬೆಂಕಿಪೆಟ್ಟಿಗೆ ಅಂದ್ರೆ ತಿಳೀಲಿಲ್ವನೇ? ನಿಮ್ಮ ತಟ್ಟೆ ಒಲೆಗಿಡಿ ಅಂತ," ಎಂದಳು ವರದಮ್ಮ. ಅವಳು ಆಗಲೇ ಕಣದ ಮೇಸ್ತ್ರಿಗೆ ಶುಕ್ರವಾರದಿಂದ ಬರುತ್ತೇನೆಂದು ಹೇಳಿಬಿಟ್ಟಿದ್ದಳು.

"ಥೂ, ಬಿಡ್ತು ಅನ್ನು!" ಎಂದ ಹೂವಮ್ಮ ಪೆಟ್ಟಿಗೆಯನ್ನು ಮುಟ್ಟಲೂ ಹೆದರಿ ದೇವರ ಗೂಡಲ್ಲಿಟ್ಟಳು.

"ಆ ಮೇಘನಾಗೆ ಫೋನ್ ಮಾಡಿ ಕೇಳೇ," ಎಂದ ಗಂಡ ಗುತ್ಯಪ್ಪ.

"ಕೊಟ್ಟಿದ್ದು ಎಂತಕ್ಕೆ ಅಂತ ಕೇಳಿದ್ರೆ ಮರ್ಯಾದೆ ಉಳೀತದನಾ? ಏನೂ ತಿಳೀದ ಹಳ್ಳಿ ಗುಗ್ಗುಗಳು ಅಂದ್ಕಂಡು ಹೊಂಟೇ ಹೋಗ್ತಾಳೆ. ನೀವು ಸುಮ್ಕಿರಿ."

ಕಡೆಗೆ ಹೊಳೆಯಿತು ಬಂಗಾರಮ್ಮನಿಗೆ. ಅವಳು ಸಾಲದ ಅರ್ಜಿಗಳಿಗೆ ಹೆಬ್ಬೆಟ್ಟು ಒತ್ತಿ ಒತ್ತಿ ಪಳಗಿದವಳು. "ಅಯ್ಯೋ, ಇದರಾಗೆ ಎಂತ ಐತೆ! ಖಾಲಿ ಕಾಗದ ಕೊಟ್ರು ಅಂದ್ರೆ ಸಹಿ ಹಾಕಿ ಅಂತ. ಬರ್ಕಳೋದು ಆಮೇಲೆ ಅವರೇ ಬರ್ಕಂತಾರೆ."

ಎಲ್ಲರಿಗೂ ಹೌದೆನ್ನಿಸಿತು. ಅವರು ಕಂಡ ವ್ಯವಹಾರವೆಲ್ಲ ಹಾಗೇ ಇತ್ತು ತಾನೆ? ಮೇಲೆ ಜಾಗ ಬಿಟ್ಟು ಕೆಳಗೆ ಹನ್ನೊಂದು ಸಹಿ, ಹೆಬ್ಬೆಟ್ಟು ಬಿದ್ದವು. ವರದಮ್ಮ ಮಾತ್ರ ಮೂತಿ ತಿರುವಿದಳು. "ಆತು ಕಣೇ, ನಿನ್ನ ಮುಖ ನೋಡಿ ಹಾಕ್ತೀನಿ," ಎಂದು ಕಡೆಗೆ ಅವಳೂ ಗೀಚಿದಳು. ಖಾಲಿ ಡಬ್ಬಿ ಕಳಿಸಬಾರದೆಂದು ಹೂವಮ್ಮ ಒಂದು ಅಚ್ಚು ಬೆಲ್ಲ ಹಾಕಿ, ಕಾಗದವನ್ನೂ ಇಟ್ಟು ಮಾರನೇ ಬೆಳಿಗ್ಗೆ ಕೆಲಸಕ್ಕೆ ಹೊರಟ ಮಗನ ಕೈಗೆ ಕೊಟ್ಟಳು. ಆ ರಾತ್ರಿಯೆಲ್ಲ ಅವಳಿಗೆ ಒಂದೇ ಭಯ: ಏನಕ್ಕೆ ಒಪ್ಪಿದೆವೋ, ಏನೋ.

ಮರುದಿನ ಮಧ್ಯಾಹ್ನ ಕಾರು ಬಂತು. ಫುಮಿಕೊ ಇಳಿದಳು, ಎದೆಗೆ ಡಬ್ಬಿ ಅವಚಿಕೊಂಡಿದ್ದಳು. ಮೇಘನಾಳ ಮುಖದಲ್ಲಿ ನಗು ಹೌದೋ ಅಲ್ಲವೋ ಅನ್ನುವಂಥದ್ದೊಂದು ಇತ್ತು. ಅಜ್ಜಿ ಕಾಗದ ಬಿಡಿಸಿ ಜಗಲಿಯ ಮೇಲಿಟ್ಟಳು. ಹನ್ನೆರಡು ಹೆಸರಿನ ಕೆಳಗೆ ಕುಂಕುಮದ ಬೊಟ್ಟಿನಂತೆ ಕೆಂಪಗೆ, ದುಂಡಗೆ ಒಂದು ಮುದ್ರೆ ಇತ್ತು. ಮೇಲಿನ ಜಾಗ ಮಾತ್ರ ಹಾಗೇ ಖಾಲಿ.

"ಇದರಾಗೆ ಎಂತದಕ್ಕೆ ಒಪ್ಕಂಡಂಗಾತು, ಮೇಘನಾ?" ಹೂವಮ್ಮ ಕೇಳಿದಳು.

"ಅದನ್ನೇ ಅವ್ರು ನಿಮ್ಮನ್ನ ಕೇಳಾಕ ಬಂದಾರ ರೀ! ರಾತ್ರಿಯೆಲ್ಲ ತಲೆ ಕೆಡಿಸ್ಕೊಂಡು ಕುಂತಿದ್ರು. ಅವ್ರ ಕಡೆ ಯಾರಾದ್ರೂ ತಿಂಡಿ ಕಳಿಸಿದ್ರೆ ಪಾತ್ರೆ ಖಾಲಿ ವಾಪಸ್ ಕೊಡಂಗಿಲ್ಲಂತೆ. ಕೈಗೆ ಸಿಕ್ಕಿದ್ದು, ಬೆಂಕಿಪೆಟ್ಟಿಗೆನೋ ಕಾಗದನೋ ಹಾಕ್ತಾರಂತೆ. ಅಷ್ಟೇ ರೀ. ಮತ್ತೇನೂ ಅರ್ಥ ಇಲ್ಲ."

ಹೂವಮ್ಮ ದೇವರ ಗೂಡನ್ನು ನೋಡಿದಳು, ಡಬ್ಬಿ ನೋಡಿದಳು. "ಅಯ್ಯೋ ನನ್ನಮ್ಮಾ, ನಮ್ಮಂಗೇ ಅಲ್ವನೇ ನೀನೂ!" ಎಂದವಳಿಗೆ ಕಣ್ಣಲ್ಲಿ ನೀರು ಬಂತು. ಮತ್ತೆ ಮುದ್ರೆ ಕಂಡು ಗೊಂದಲವಾಯಿತು. "ಹಂಗಾರೆ ಇದು ಎಂತಕ್ಕೆ ಒತ್ತಿದ್ರು?"

ಮೇಘನಾ ಕೇಳಿದಳು. ಅಜ್ಜಿ ಮೆಲ್ಲಗೆ ಏನೋ ಹೇಳಿದಳು.

"ಏನಕ್ಕೆ ಅಂತ ಅವ್ರಿಗೂ ಗೊತ್ತಿರ್ಲಿಲ್ಲಂತೆ. ನೀವೆಲ್ಲ ಹೆಸರು ಹಾಕಿದ್ಮೇಲೆ ತಮ್ಮ ಸಹಿ ಮುದ್ರೆಯೊಂದೇ ಇಲ್ದಿದ್ರೆ ಮರ್ಯಾದೆ ಅಲ್ಲ ಅನ್ಸ್ತಂತೆ. ಈಗ ಮೇಲೆ ಬರೀರಿ ಅಂತಿದ್ದಾರೆ. ತಿಂಗಳಿಗೆ ನಾಕು ಸಾವಿರ ತಟ್ಟೆ ಆಗ್ತಾವಾ?"

ಹೂವಮ್ಮ ಒಳಗೆ ಹೋಗಿ ಗೂಡಿನಿಂದ ಬೆಂಕಿಪೆಟ್ಟಿಗೆ ತೆಗೆದು, ಕಡ್ಡಿ ಗೀರಿ, ಕಾಫಿಗೆ ಒಲೆ ಹೊತ್ತಿಸಿದಳು. ಹಿಂದಿನಿಂದ ವರದಮ್ಮ ಬಂದು ನಿಂತಳು.

"ಹೂವಮ್ಮಾ, ನಿನ್ ಫೋನ್ ಕೊಡೇ. ನಾಳಿಂದ ಕಣಕ್ಕೆ ಬರಲ್ಲ ಅಂತ ಮೇಸ್ತ್ರಿಗೆ ಹೇಳ್ತೀನಿ."