ಸೊನ್ನೆ ಸೆನ್ಸೇ

ಎರಡು ಸಾವಿರದ ಇಸವಿ ಹುಟ್ಟಿದ ದಿನ ಜಪಾನಿನ ಮಿನಾಟೋದ ಒಂದು ಬ್ಯಾಂಕಿನಲ್ಲಿ, ತಾರೀಖು ತಪ್ಪಿ ಕೆಡುತ್ತವೆಂದು ಎಲ್ಲರೂ ಹೆದರಿದ್ದ ಕಂಪ್ಯೂಟರುಗಳಿಗೆ ಏನೂ ಆಗಲಿಲ್ಲ. ಏನೂ ಆಗದಂತೆ ನೋಡಿಕೊಂಡವರು ನಲವತ್ತು ಜನ. ಪತ್ರಿಕೆಯಲ್ಲಿ ಬಂದ ಫೋಟೋದಲ್ಲಿ ಎದ್ದು ಕಂಡವನು ಮಾತ್ರ ಮೈಸೂರಿನ ಹರಿಪ್ರಸಾದ. ಕುಳ್ಳಗಿದ್ದಾನೆಂದು ಅವನನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿದ್ದರು.

ಅಷ್ಟೇ ಸಾಕಾಯಿತು. ಫೆಬ್ರವರಿಯಲ್ಲಿ ಟೀವಿ ಚಾನೆಲ್ಲೊಂದರ ನಿರ್ದೇಶಕರು, ನಿಶಿವಾಕಿ ಸಾನ್, ಅವನನ್ನು ಹುಡುಕಿಕೊಂಡು ಬಂದರು.

"ಸೊನ್ನೆ ಕೊಟ್ಟ ದೇಶದವರು ನೀವು. ಎಲ್ಲಾ ಲೆಕ್ಕ ಬಾಯಲ್ಲೇ ಮಾಡ್ತೀರಿ, ಅಲ್ವಾ?"

"ಇಲ್ಲ, ನಾನು ಕ್ಯಾಲ್ಕುಲೇಟರ್ ಯೂಸ್ ಮಾಡ್ತೀನಿ."

"ಅದನ್ನ ಎಲ್ಲೂ ಹೇಳಬೇಡಿ," ಎಂದರು ನಿಶಿವಾಕಿ ಸಾನ್.

ಹೀಗೆ ಹರಿಪ್ರಸಾದ 'ಸೊನ್ನೆ ಸೆನ್ಸೇ' ಆದ, ಅಂದರೆ ಸೊನ್ನೆಯ ಗುರು. ರೇಷ್ಮೆ ಜುಬ್ಬಾ, ಕೊರಳಿಗೆ ರುದ್ರಾಕ್ಷಿ. ಕ್ಯಾಮೆರಾದ ಹಿಂದೆ ಒಬ್ಬಳು ಉತ್ತರದ ಬೋರ್ಡು ಹಿಡಿಯುತ್ತಿದ್ದಳು. ಇವನು ಅದನ್ನು ನೋಡಿಕೊಂಡು, ಮೂರು ಎಣಿಸುವಷ್ಟು ಹೊತ್ತು ಕಣ್ಣು ಮುಚ್ಚಿ, ಉತ್ತರ ಹೇಳಬೇಕು. ಎರಡೇ ತಿಂಗಳಲ್ಲಿ ಬೀದಿ ಮೂಲೆಯ ಕೊಂಬಿನಿ ಅಂಗಡಿಯ ಹುಡುಗಿಯೂ ಆಟೋಗ್ರಾಫ್ ಕೇಳಿದಳು. ಎಷ್ಟು ಲೋಟ ಅಕ್ಕಿ ಇಡಲಿ ಎಂದು ಹೆಂಡತಿ ಕೇಳಿದರೂ ಅವನು ಕಣ್ಣು ಮುಚ್ಚತೊಡಗಿದ.

ಹೆಂಡತಿ ವಸುಧಾ ಕಾಶಿವಾದ ವಿಶ್ವವಿದ್ಯಾಲಯದಲ್ಲಿ ಗಣಿತದಲ್ಲೇ ಪಿಎಚ್.ಡಿ. ಮಾಡುತ್ತಿದ್ದಳು. ಅದು ನಿಶಿವಾಕಿ ಸಾನ್‌ಗೆ ಗೊತ್ತಾದದ್ದು 'ಸೆನ್ಸೇಯ ಸಂಸಾರ' ಚಿತ್ರೀಕರಿಸಲು ಮನೆಗೆ ಬಂದಾಗ. ಗೊತ್ತಾದ ಕೂಡಲೇ ಅವಳ ಪುಸ್ತಕಗಳನ್ನೆಲ್ಲ ಹರಿಪ್ರಸಾದನ ಮೇಜಿನ ಮೇಲೆ ಜೋಡಿಸಿ, ಅವಳಿಗೆ ಸೀರೆ ಉಡಿಸಿ, ಕೈಗೆ ಲಟ್ಟಣಿಗೆ ಕೊಟ್ಟರು.

"ಚಪಾತಿ ಮಾಡೋದು ನಮ್ಮನೇಲಿ ಇವರೇ," ಎಂದಳು ವಸುಧಾ.

"ನೋಡೋರಿಗೆ ಗೊಂದಲ ಆಗುತ್ತೆ, ಸುಮಿಮಾಸೆನ್," ಎಂದು ನಿಶಿವಾಕಿ ಸಾನ್ ಬಾಗಿ ಕ್ಷಮೆ ಕೇಳಿದರು.

ಏಳುನೂರ ಅರವತ್ತೆಂಟನ್ನು ನಾನೂರ ತೊಂಬತ್ತೇಳರಿಂದ ಗುಣಿಸಬೇಕಿತ್ತು. ಹರಿಪ್ರಸಾದ ಕಣ್ಣು ಮುಚ್ಚಿ ತೆರೆದು, ಬೋರ್ಡಿನಲ್ಲಿದ್ದಂತೆ, "ಮೂರು ಲಕ್ಷದ ಎಂಬತ್ತೊಂದು ಸಾವಿರದ ಏಳುನೂರ ತೊಂಬತ್ತಾರು," ಎಂದ.

"ರೀ, ಏಳುನೂರಲ್ಲ, ಆರುನೂರು," ಎಂದಳು ವಸುಧಾ, ಲಟ್ಟಿಸುವುದನ್ನು ನಿಲ್ಲಿಸದೆ.

ಬೋರ್ಡಿನವಳು ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿ ಬಿಳಿಚಿಕೊಂಡಳು. ಅವಳೇ ತಪ್ಪು ಬರೆದಿದ್ದಳು. ನಿಶಿವಾಕಿ ಸಾನ್ ಮಾತ್ರ ಖುಷಿಯಾಗಿ, ದೃಶ್ಯವನ್ನು ಇನ್ನೊಮ್ಮೆ ತೆಗೆಸಿದರು. ಆ ವಾರ ಪ್ರಸಾರವಾದದ್ದರಲ್ಲಿ ಸೆನ್ಸೇ ಸರಿಯುತ್ತರವನ್ನೇ ಹೇಳಿದ. ಚಪಾತಿ ಲಟ್ಟಿಸುತ್ತಿದ್ದ ಹೆಂಡತಿಯೂ ಅದನ್ನೇ ಗುನುಗಿದಳು. ಕೆಳಗೆ ಅಕ್ಷರಗಳು ಮೂಡಿದವು: 'ಸೆನ್ಸೇಯ ಸಹವಾಸದಿಂದ ಪತ್ನಿಗೂ ಲೆಕ್ಕ ಬಂತು!'

ವಸುಧಾ ಬಿದ್ದು ಬಿದ್ದು ನಕ್ಕಳು. ಸೋಮವಾರ ಕಾಶಿವಾದಿಂದ ಬಂದವಳ ಮುಖದಲ್ಲಿ ನಗುವಿರಲಿಲ್ಲ.

"ಏನಾಯ್ತೇ?"

"ನಮ್ಮ ಪ್ರೊಫೆಸರ್ ಸೆಮಿನಾರಲ್ಲಿ ಎಲ್ಲರ ಮುಂದೆ ಅಂದ್ರು, 'ನಿಮ್ಮ ಪೇಪರ್ ಅಷ್ಟು ಚೆನ್ನಾಗಿರೋದರ ಗುಟ್ಟು ಈಗ ಗೊತ್ತಾಯ್ತು' ಅಂತ. ಎರಡು ವರ್ಷ ಕೂತು ಬರೆದಿದ್ದು ಕಣ್ರೀ ಅದು."

ಮುಂದಿನ ವಾರದ್ದು ನೇರ ಪ್ರಸಾರ. ಲೆಕ್ಕ ಕೇಳುವ ಮೊದಲೇ ಹರಿಪ್ರಸಾದ ಎದ್ದು ನಿಂತ. "ನನಗೆ ಲೆಕ್ಕ ಬರಲ್ಲ. ಉತ್ತರ ಅಲ್ಲಿ ಬರೆದಿರ್ತಾರೆ. ಗಣಿತ ಬರೋದು ನನ್ನ ಹೆಂಡತಿಗೆ," ಎಂದು ತನ್ನ ಹರಕು ಜಪಾನಿಯಲ್ಲಿ ಹೇಳಿ, ಬೆವರು ಒರೆಸಿಕೊಂಡ.

ಸ್ಟುಡಿಯೋ ತುಂಬ ಚಪ್ಪಾಳೆಯೋ ಚಪ್ಪಾಳೆ. ನಿರೂಪಕಿ ಕಣ್ಣೊರೆಸಿಕೊಂಡಳು. ಬೋರ್ಡಿನ ಮಾತನ್ನು ಒಬ್ಬರೂ ನಂಬಲಿಲ್ಲ; ಹೆಂಡತಿಗಾಗಿ ತನ್ನ ಕೀರ್ತಿಯನ್ನೇ ಬಿಟ್ಟುಕೊಟ್ಟ ಗಂಡ ಎಂದು ಮಾರನೆಯ ದಿನ ಎರಡು ಪತ್ರಿಕೆಗಳು ಕೊಂಡಾಡಿದವು. ಪ್ರೊಫೆಸರರು ವಸುಧಾಳನ್ನು ಕಾರಿಡಾರಿನಲ್ಲಿ ನಿಲ್ಲಿಸಿ, "ನಿಮ್ಮ ಯಜಮಾನರದು ಎಂಥ ದೊಡ್ಡ ಮನಸ್ಸು!" ಎಂದರು. ವಾಷಿಂಗ್ ಮೆಷಿನ್ ಕಂಪನಿಯೊಂದು 'ಆದರ್ಶ ಪತಿ' ಜಾಹೀರಾತಿಗೆ ಕರೆಯಿತು.

ಹರಿಪ್ರಸಾದ ಅದನ್ನೂ ಒಲ್ಲೆನೆಂದ, ಕಾರ್ಯಕ್ರಮವನ್ನೂ ಬಿಟ್ಟ. ನಿಶಿವಾಕಿ ಸಾನ್ ಸ್ವಲ್ಪವೂ ಬೇಸರಿಸಲಿಲ್ಲ. ನಗೋಯಾದ ಕಾರು ಕಂಪನಿಯಿಂದ ಮುಕುಂದ ಎಂಬ ಇನ್ನೊಬ್ಬ ಇಂಜಿನಿಯರನನ್ನು ಕರೆತಂದು, ಅದೇ ಹೆಸರಿನಲ್ಲಿ ಅದೇ ಕುರ್ಚಿಯಲ್ಲಿ ಕೂರಿಸಿದರು. ಸೆನ್ಸೇ ಬದಲಾದನೆಂದು ಒಬ್ಬರೂ ಪತ್ರ ಬರೆಯಲಿಲ್ಲ.

ಆ ಶನಿವಾರ ಹರಿಪ್ರಸಾದ ಕಾರ್ಯಕ್ರಮವನ್ನು ಕೊನೆಯವರೆಗೂ ನೋಡಿದ.

"ನನಗಿಂತ ಚೆನ್ನಾಗಿ ಮಾಡ್ತಾನೆ ಅಲ್ವೇನೇ?"

ವಸುಧಾ ಬರೆಯುತ್ತಿದ್ದ ಹಾಳೆಯಿಂದ ತಲೆಯೆತ್ತಲಿಲ್ಲ. "ಹೂಂ," ಎಂದಳು.

ಅವನಿಗೆ ಯಾಕೋ ಅದು ಸ್ವಲ್ಪ ಚುಚ್ಚಿತು.