ರಾಜೀವಕ್ಕನ ಅಡುಗೆ ಕೋಣೆಯ ಮೇಲೆ ತೆಂಗಿನ ತೋಪು

ಇನ್ನೂ ಕಟ್ಟದ ಮನೆಗಳ ಸುತ್ತ ಮರ ಬೆಳೆಸುವುದು ಪ್ರಣೀತಾಳ ಕೆಲಸ. ಕುಂದಾಪುರದ ಎಂಜಿನಿಯರ್ ಉಲ್ಲಾಸ್ ಕಟ್ಟಡದ ಮಾದರಿ ಕಳಿಸುತ್ತಿದ್ದ. ಇವಳು ಹೆಮ್ಮಾಡಿಯ ಮನೆಯಲ್ಲಿ ಕುಕ್ಕರಿನ ಕೂಗಿಗೆ ಒಂದು ಕಿವಿ ಕೊಟ್ಟುಕೊಂಡೇ ಕಂಪ್ಯೂಟರಿನಲ್ಲಿ ಅದಕ್ಕೆ ಬಿಸಿಲು, ನೆರಳು, ಹುಲ್ಲು, ಮರ ಕೂರಿಸಿ, ನೋಡಿದವರು ನಿಜದ ಫೋಟೋ ಅನ್ನುವಂಥ ಚಿತ್ರ ಮಾಡುತ್ತಿದ್ದಳು. ಕಂಪ್ಯೂಟರಿನಲ್ಲಿ ಸಿದ್ಧವಾಗಿ ಸಿಗುವ ಮರಗಳೆಲ್ಲ ಪರದೇಶದವು, ಒಂದೂ ಉಪ್ಪುಗಾಳಿ ತಿಂದು ಬೆಳೆದದ್ದಲ್ಲ. ಅದಕ್ಕೇ ಅವಳು ಊರ ತೆಂಗು, ಹೊನ್ನೆ, ಗೋಳಿಗಳ ಸುತ್ತ ಸುತ್ತಿ ಫೋಟೋ ತೆಗೆದು ತನ್ನವೇ ಮರಗಳನ್ನು ಮಾಡಿಕೊಂಡಿದ್ದಳು. ಅವಳ ತೆಂಗು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಕಡಲಿನ ಕಡೆ ಬಾಗಿ, ಒಣಗಿದ ಒಂದೆರಡು ಗರಿ ಜೋತುಬಿಟ್ಟು ನಿಲ್ಲುತ್ತಿತ್ತು.

"ಅಕ್ಕ, ನಿಮ್ಮ ಮರದ್ ಮೇಲೆ ಕಾಗೆ ಬಂದ್ ಕೂಕಂತ್," ಎಂದು ಉಲ್ಲಾಸ್ ಹೊಗಳುತ್ತಿದ್ದ.

ತ್ರಾಸಿಯ ಕಡಲ ಬದಿಗೆ ಕಟ್ಟಲಿರುವ ಹನ್ನೆರಡು ವಿಲ್ಲಾಗಳ ಚಿತ್ರ ಬೇಕಾಯಿತು. ಅವನು ಕಳಿಸಿದ ಡ್ರೋನ್ ಫೋಟೋದ ಮೂಲೆಯಲ್ಲಿ ಒಂದು ಹೆಂಚಿನ ಮಾಡು ಕಂಡಿತು.

"ಇದೆಂತ ಉಲ್ಲಾಸ್?"

"ಹಳೀ ಕೊಟ್ಟಿಗಿ ಅಕ್ಕ. ತೆಗಿತ್ರ್. ಅಲ್ಲಿ ಒಂದ್ ತೆಂಗಿನ್ ತೋಪ್ ಮಾಡಿ."

ಅಂಗಳದಲ್ಲಿ ಏನೋ ಒಣಹಾಕಿದ ಹಾಗಿತ್ತು. ಹಿಗ್ಗಿಸಿ ನೋಡಬೇಕು ಅನ್ನುವಷ್ಟರಲ್ಲಿ ಮಗಳ ಶಾಲೆಯ ವ್ಯಾನು ಬಂತು. ಮತ್ತೆ ನೋಡಲಿಲ್ಲ. ಹೆಂಚಿನ ಮೇಲೆ ಇಪ್ಪತ್ತೊಂದು ತೆಂಗಿನಮರ ನೆಟ್ಟಳು.

ಚಿತ್ರ ದೊಡ್ಡ ಬೋರ್ಡಾಗಿ ಹೆದ್ದಾರಿಯ ಬದಿ ನಿಂತಿತು. ಒಂದು ಶನಿವಾರ ಮಧ್ಯಾಹ್ನ ಒಂದನೇ ಕ್ಲಾಸಿನ ಮಗಳು ಅಕ್ಷಿತಾಳನ್ನು ಕರೆದುಕೊಂಡು ಪ್ರಣೀತಾ ಬಸ್ಸಿನಲ್ಲಿ ತ್ರಾಸಿಗೆ ಹೋದಳು, ಅಮ್ಮನ ಮರ ತೋರಿಸಲಿಕ್ಕೆ. ಬೋರ್ಡಿನ ಕೆಳಗೆ ಎಪ್ಪತ್ತು ದಾಟಿದ ಹೆಂಗಸೊಬ್ಬರು ಕೊಡೆ ಹಿಡಿದು ನಿಂತಿದ್ದರು. ಊರಿಗೆಲ್ಲ ಅವರು ರಾಜೀವಕ್ಕ.

"ಹ್ವಾಯ್, ಜಾಗ ಕಾಂಬುಕೆ ಬಂದದ್ದಾ?"

"ಅಲ್ಲ ಅಮ್ಮ, ಬೋರ್ಡ್ ಕಾಂಬುಕೆ."

"ಕಾಣಿ, ಲಾಯ್ಕ್ ಮಾಡಿ ಕಾಣಿ. ಆ ಮೂಲಿಯಂಗೆ ತೋಪ್ ಇತ್ತಲ್ದಾ? ಅದ್ ನನ್ನ ಮನಿ. ಬಗ್ಗಿದ ಮರ ಇಪ್ಪುದ್ ನನ್ನ ಅಡ್ಗಿ ಕೋಣಿ ಮೇಲೆ. ಬೆಳಿಗ್ಗೆ ಅಲ್ಲೇ ಚಾ ಕುಡ್ದ್ ಬಂದೆ. ತಲಿ ಮೇಲೆ ಒಂದ್ ಕಾಯಿಯೂ ಬೀಳ್ಲಿಲ್ಲೆ."

ಅಕ್ಷಿತಾಳಿಗೆ ಹೆಮ್ಮೆ ತಡೆಯಲಿಲ್ಲ. "ಆ ಮರ ಎಲ್ಲ ನನ್ನಮ್ಮ ಮಾಡಿದ್ದ್."

ರಾಜೀವಕ್ಕ ಕೊಡೆ ಮಡಚಿದರು. ಬಿಸಿಲಿನಲ್ಲೇ ನಿಂತು ಪ್ರಣೀತಾಳ ಮುಖ ನೋಡಿದರು.

"ನೀನಾ ಹೆಣ್ಣೇ?"

"ಕೊಟ್ಟಿಗಿ ಅಂದಿದ್ರ್ ಅಮ್ಮ. ನಂಗ್ ಗೊತ್ತಿರ್ಲಿಲ್ಲೆ."

"ಗಂಡನ್ನ ಸುಟ್ಟ ಜಾಗ್ದಂಗೆ ನಾನೇ ಒಂದ್ ತೆಂಗಿನ್ ಸಸಿ ನೆಟ್ಟದ್ದ್. ಅದ್ ನಮ್ಮ ಕ್ರಮ. ಈಗ ಕಾಯಿ ಬಿಡತ್ತ್. ನನ್ನ ಸುಟ್ಟಾದ್ಮೇಲೆ ನನ್ನ ಮೇಲೂ ಒಂದ್ ನೆಡಿ, ಬ್ಯಾಡ ಅಂಬುದಿಲ್ಲೆ. ಉಸ್ರಾಡುವಾಗ್ಳೇ ಇಪ್ಪತ್ತೊಂದಾ? ದಿನಾ ಬಂದ್ ಎಣ್ಸ್ತೆ ನಾನ್."

ಪ್ರಣೀತಾ ತಲೆ ಎತ್ತಿ ಬೋರ್ಡಿನ ಆ ಮೂಲೆ ನೋಡಿದಳು.

"ಮನಿ ಕೊಡುದಿಲ್ಲೆ ಅಂದ್ ಮೂರ್ ಸಲ ಹೇಳಿ ಆಯ್ತ್. ಈ ಬೋರ್ಡ್ ಕಂಡವ್ರೆಲ್ಲ ಈಗ 'ಯಾವಾಗ ಹೊರಡ್ತ್ರಿ' ಅಂದ್ ಕೇಂತ್ರ್. ನನ್ನ ತಂಗಿ ಮಗನೂ ಕೇಂಡ. ನಾನ್ ಹೊರಡ್ಲಿಲ್ಲೆ, ನೀವ್ ಹೊರಡ್ಸಿದ್ರಿ." ಆಮೇಲೆ ಮಗುವಿನ ಬೆವೆತ ಹಣೆ ನೋಡಿ ದನಿ ತಗ್ಗಿಸಿದರು. "ಬನ್ನಿ, ಒಂದ್ ಲೋಟ ನೀರ್ ಕುಡ್ಕಂಡ್ ಹೋಯ್ನಿ."

ಅವರ ಜಗಲಿಯಲ್ಲಿ ಬೆಲ್ಲ ನೀರು ಕುಡಿಯುತ್ತ ಪ್ರಣೀತಾ ಹೊರಗೆ ನೋಡಿದಳು. ಅಂಗಳದಲ್ಲಿ ಹುಣಸೆಹಣ್ಣು ಒಣಹಾಕಿತ್ತು.

ಬಸ್ ಸ್ಟಾಪಿನಿಂದಲೇ ಉಲ್ಲಾಸನಿಗೆ ಫೋನ್ ಮಾಡಿದಳು.

"ಅದ್ ಕೊಟ್ಟಿಗಿ ಅಲ್ಲ, ಮನಿ. ಒಳ್ಗೆ ಜನ ಇದ್ರ್."

"ಅವ್ರ್ ಇವತ್ತಲ್ಲ ನಾಳೆ ಒಪ್ಪತ್ರ್ ಅಕ್ಕ. ನೀವ್ಯಾಕೆ ತಲಿ ಬಿಸಿ ಮಾಡ್ಕಂತ್ರಿ? ಸೋಮವಾರ ವಿಲ್ಲಾ ತಕಂಬವ್ರ ವಾಟ್ಸಾಪ್ ಗ್ರೂಪಂಗೆ ಹೊಸ ಚಿತ್ರ ಹಾಕ್ಕ್. ಬೊಂಬಾಯಿ ಪಾರ್ಟಿ ಎಲ್ಲ ಕಾಯ್ತಾ ಇದ್ರ್. ತೋಪ್ ಇನ್ನೊಂಚೂರ್ ದಪ್ಪ ಮಾಡಿ. ಮರ ನಿಜದ ಹಾಂಗೇ ಇರ್ಕ್, ಆಯ್ತಾ?"

"ನಿಜದ ಹಾಂಗೇ ಮಾಡ್ತೆ," ಎಂದಳು ಪ್ರಣೀತಾ.

ಭಾನುವಾರ ಬೆಳಿಗ್ಗೆ ಒಬ್ಬಳೇ ಮತ್ತೆ ಹೋದಳು. ಮರಕ್ಕೆ ಸುತ್ತುವ ಹಾಗೆಯೇ ಆ ಮನೆಯ ಸುತ್ತ ಸುತ್ತಿ ಇನ್ನೂರು ಫೋಟೋ ತೆಗೆದಳು. ಪಾಚಿ ಹಿಡಿದ ಹೆಂಚು, ಬಾವಿಕಟ್ಟೆ, ಸೌದೆ ರಾಶಿ, ಬೇಲಿಯ ಬದಿಯ ಆ ಒಂದು ತೆಂಗಿನಮರ.

"ಆ ಸೀರಿ ತೆಗಿಯೂದಾ?" ಹಗ್ಗದ ಮೇಲಿನ ಹಳೆಯ ಸೀರೆ ತೋರಿಸಿ ರಾಜೀವಕ್ಕ ಕೇಳಿದರು. "ಮಾಸಿತ್ತ್."

"ಇರ್ಲಿ ಅಮ್ಮ. ಅದ್ ಇರ್ಕೇ."

ಸೋಮವಾರ ವ್ಯಾನು ಹೋದ ಮೇಲೆ ಅನ್ನಕ್ಕಿಟ್ಟು ಕಂಪ್ಯೂಟರ್ ಮುಂದೆ ಕುಳಿತಳು. ಇಪ್ಪತ್ತೊಂದು ಮರಗಳನ್ನು ಒಟ್ಟಿಗೆ ಅಳಿಸಬಹುದಿತ್ತು, ಒಂದೊಂದಾಗಿಯೇ ತೆಗೆದಳು. ಫೋಟೋಗಳಿಂದ ರಾತ್ರಿಯೇ ಮಾಡಿಟ್ಟಿದ್ದ ಮನೆಯನ್ನು ಅದರ ಜಾಗಕ್ಕೆ ಕೂರಿಸಿದಳು, ಬೇಲಿಯ ಬದಿಯ ಮರವನ್ನು ಅದರ ಜಾಗಕ್ಕೆ. ಉಲ್ಲಾಸನನ್ನು ಬಿಟ್ಟರೆ ಕೆಲಸ ಕೊಡುವವರು ಅವಳಿಗೆ ಬೇರೆ ಯಾರೂ ಇರಲಿಲ್ಲ. ಮಗಳು ಹುಟ್ಟಿದ ವರ್ಷ ಬಿಟ್ಟ ಕೆಲಸವನ್ನು ಇವನೇ ಮನೆ ಬಾಗಿಲಿಗೆ ತಂದುಕೊಟ್ಟವನು. ಅದನ್ನು ನೆನೆದು ಕೈ ಒಂದು ಗಳಿಗೆ ನಿಂತಿತು. ಆಮೇಲೆ ಸೀರೆಯ ನೆರಳನ್ನು ಅಂಗಳಕ್ಕೆ ಸರಿಯಾಗಿ ಬೀಳಿಸಿದಳು.

ಚಿತ್ರವನ್ನು ಅವನಿಗೆ ಕಳಿಸಲಿಲ್ಲ, ನೇರ ಗ್ರೂಪಿಗೇ ಹಾಕಿದಳು. ಕೆಳಗೆ ಬರೆದಳು: "ಮೂಲೆಯಲ್ಲಿರುವುದು ರಾಜೀವಕ್ಕ ಅವರ ಮನೆ. ಅವರು ಅದನ್ನು ಕೊಟ್ಟಿಲ್ಲ, ಕೊಡುವುದೂ ಇಲ್ಲ. ಹಿಂದಿನ ಚಿತ್ರದ ತೋಪು ಅಲ್ಲಿ ಇಲ್ಲ."

ಎರಡು ನಿಮಿಷಕ್ಕೆ ಉಲ್ಲಾಸನ ಫೋನು.

"ಎಂತ ಮಾಡ್ದ್ರಿ ಅಕ್ಕ? ತಪ್ಪಿ ಬೇರೆ ಚಿತ್ರ ಹೋಯ್ತ್ ಅಂದ್ ಈಗ್ಲೇ ಬರೀರಿ."

"ತಪ್ಪಿ ಹೋದ್ದ್ ಇದಲ್ಲ, ಮೊದ್ಲಿನ ಚಿತ್ರ."

"ಹಾಂಗಾರೆ ಇನ್ ನಿಮ್ಗೆ ಕೆಲ್ಸ ಇಲ್ಲೆ, ಕಾಣಿ."

"ಆಯ್ತ್. ಆ ಬೋರ್ಡ್ ಇಳ್ಸಿ. ಇಳ್ಸ್ದಿದ್ರೆ ಈ ಚಿತ್ರವನ್ನೂ ಅಷ್ಟೇ ದೊಡ್ಡದ್ ಮಾಡ್ಸಿ ಅವ್ರ ಬೇಲಿಗೆ ಕಟ್ತೆ."

ಅವನು ಅವಳನ್ನು ಗ್ರೂಪಿನಿಂದ ತೆಗೆದ. ಚಿತ್ರವನ್ನೂ ಅಳಿಸಿರಬೇಕು. ಅಷ್ಟು ಹೊತ್ತಿಗೆ ನೋಡುವವರು ನೋಡಿಯಾಗಿತ್ತು. ಅನ್ನ ಬಸಿಯುತ್ತಿರುವಾಗ ಗುರುತಿಲ್ಲದ ನಂಬರಿನಿಂದ ಕರೆ ಬಂತು, ಮುಂಬಯಿಯದು.

"ಮೇಡಂ, ಆ ಮನೆ ನಿಜವಾಗ್ಲೂ ಅಲ್ಲಿ ಇದೆಯಾ? ನಮಗೆ ಯಾರೂ ಹೇಳಲಿಲ್ಲ."

"ಹೌದ್, ಈಗ್ಲೂ ಇತ್ತ್," ಎಂದಳು ಪ್ರಣೀತಾ, ಹೆಗಲಿಗೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು. "ಹೋಯಿ ಕಾಣಿ. ಹೊರ್ಗಿಂದ ಕರೀರಿ, ರಾಜೀವಕ್ಕ ಒಳ್ಗೇ ಇದ್ರ್."